ಆರಾಮ ಎಂದು ಬರೆದ ಮೊಣಕಾಲು

ಜೇವರ್ಗಿ ಕಾಲೋನಿಯ ಒಂದು ಆಸ್ಪತ್ರೆಯಲ್ಲಿ ನನ್ನದು ಫೋನ್ ಹಚ್ಚುವ ಕೆಲಸ. ಕೀಲು ಬದಲಿಸಿಕೊಂಡವರ ರಿಜಿಸ್ಟ್ರಿ ಇಡುತ್ತೇವೆ. ಯಾರಿಗೆ ಯಾವ ಕಂಪನಿಯ ಕೀಲು ಹಾಕಿದೆ, ವರ್ಷದ ಮೇಲೆ ಅದು ಹೇಗಿದೆ ಎಂದು ಬರೆದಿಟ್ಟರೆ, ಕೈಕೊಡುವ ಕೀಲು ಬೇಗ ಗೊತ್ತಾಗುತ್ತದೆ, ಮುಂದಿನವರಾದರೂ ಉಳಿದುಕೊಳ್ಳುತ್ತಾರೆ. ನಾನು ಮಾತು ಬೆಳೆಸುವವಳಲ್ಲ. "ಆರಾಮ ಅದೀರೇನ್ರೀ?" ಎಂದು ಕೇಳುವುದು, "ಆರಾಮ" ಎಂದರೆ ನೋವಿಲ್ಲ ಎಂದು ಗುರುತು ಹಾಕುವುದು, ಮುಂದಿನ ನಂಬರಿಗೆ ಹೋಗುವುದು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರ ಪೈಕಿ ನಾನು.

ಕಮಲಾಪುರದ ಒಬ್ಬ ಹೆಂಗಸು ಹಾಗೆಯೇ ಆರಾಮ ಎಂದಿದ್ದರು. ಶಾಲೆಯಲ್ಲಿ ಬಿಸಿಯೂಟ ಬೇಯಿಸುತ್ತ ಎರಡೂ ಮೊಣಕಾಲು ಸವೆಸಿಕೊಂಡವರು; ಆಪರೇಶನ್ನಿಗೆ ಬಂದಾಗ ಅವರ ಹೆಸರು ಬರೆದುಕೊಂಡವಳೂ ನಾನೇ. ಎಡಗಾಲಿಗೆ ಹೊಸ ಕೀಲು ಹಾಕಿ ವರ್ಷವಾಗಿತ್ತು. ನನ್ನ ಗುರುತು ನೋಡಿದ ಡಾಕ್ಟರು, ಬಲಗಾಲಿಗೂ ಅದೇ ಕಂಪನಿಯದು ಹಾಕೋಣ ಎಂದರು.

ಮರುವಾರ ತಂಗಿಯ ಮನೆಗೆಂದು ಕಮಲಾಪುರಕ್ಕೆ ಹೋಗಿದ್ದೆ. ಬಸ್ ಸ್ಟ್ಯಾಂಡಿನಲ್ಲಿ ಕೆಂಪು ಬಾಳೆಹಣ್ಣು ಆರಿಸುತ್ತಿದ್ದಾಗ ಅದೇ ಹೆಂಗಸು ಬಸ್ಸಿನಿಂದ ಇಳಿಯುವುದು ಕಂಡಿತು. ಕಂಬಿ ಹಿಡಿದು, ಹಿಂದುಮುಖವಾಗಿ, ಭಾರವನ್ನೆಲ್ಲ ಬಲಗಾಲಿನ ಮೇಲೆ ಹಾಕಿ ಇಳಿಯುತ್ತಿದ್ದರು. ಸವೆದ ಕಾಲೇ ಹೊಸ ಕಾಲನ್ನು ಹೊತ್ತಿತ್ತು.

"ಫೋನಿನಾಗ ಆರಾಮ ಅಂದಿದ್ರಲ್ಲ ಅಮ್ಮಾ!" ಎಂದು ರೇಗಿದೆ.

"ಯಾರ ಕೇಳಿದ್ರೂ ಮೊದಲ ಆರಾಮ ಅನ್ನಬೇಕು ತಂಗಿ. ಆಮ್ಯಾಲ ಕಾಲಿಂದು ಕೇಳ್ತಿ ಅಂತ ಕಾದೆ. ನೀ ಫೋನ್ ಇಟ್ಟುಬಿಟ್ಟಿ."

ನಾಚಿಕೆಯಾಯಿತು. ನಮ್ಮ ಮನೆಯಲ್ಲೂ ಜ್ವರದಲ್ಲಿ ಮಲಗಿದವರು ಮೊದಲು ಹಾಗೆಯೇ ಹೇಳುತ್ತಾರೆ.

ಡಾಕ್ಟರಿಗೆ ಹೇಳಿ ತೆಗೆಸಿದ ಎಕ್ಸ್‌ರೇಯಲ್ಲಿ ಎಡಗಾಲಿನ ಕೀಲು ಸಡಿಲಾಗಿರುವುದು ಕಂಡಿತು. ಬಲಗಾಲಿನ ಆಪರೇಶನ್ ನಿಂತಿತು. ಪಟ್ಟಿಯಲ್ಲಿದ್ದವರಿಗೆಲ್ಲ ಮತ್ತೆ ಫೋನ್ ಹಚ್ಚಿದೆ, ಈ ಸಲ ಕ್ಷೇಮ ಕೇಳಿ ಮುಗಿದ ಮೇಲೆ, "ಬಸ್ ಇಳಿಯೂವಾಗ ಯಾವ ಕಾಲಿನ ಮ್ಯಾಲ ಭಾರ ಹಾಕ್ತೀರಿ?" ಎಂದೆ. ಅದೇ ಕಂಪನಿಯ ಕೀಲಿನವರು ಇನ್ನೂ ಕೆಲವರು ಹಳೇ ಕಾಲಿನ ಹೆಸರು ಹೇಳಿದರು. ಡಾಕ್ಟರು ಆ ಕೀಲು ತರಿಸುವುದನ್ನು ನಿಲ್ಲಿಸಿದರು. ರಿಜಿಸ್ಟ್ರಿ ತನ್ನ ಕೆಲಸ ಮಾಡಿತು ಎಂದು ಎಲ್ಲರೂ ಹೊಗಳಿದರು.

ಆಕೆಯ ಎಡಗಾಲನ್ನು ಮಾತ್ರ ಮತ್ತೊಮ್ಮೆ ಕೊಯ್ಯಬೇಕಾಯಿತು. ಒಳಗೆ ಒಯ್ಯುವಾಗ ಸ್ಟ್ರೆಚರ್ ಮೇಲಿಂದಲೇ ನನ್ನ ಕೈ ಹಿಡಿದು, "ಮಾರಿ ಬಾಡೇದಲ್ಲ, ಆರಾಮ ಅದೀ ಏನು ತಂಗಿ?" ಎಂದರು.

"ಆರಾಮ ಅದೀನ್ರೀ," ಎಂದೆ.