ಮಾದಮ್ಮನ ಎರಡು ಎಕರೆ

ಹಳೇಕೋಟೆಯ ಮಾದಮ್ಮನಿಗೆ ೧೯೫೯ರಲ್ಲಿ ಸರ್ಕಾರದಿಂದ ಎರಡು ಎಕರೆ ಮಂಜೂರಾಯಿತು. ಅರ್ಜಿ ಹಾಕಿದ್ದವನು ಗಂಡ ಗಂಗಯ್ಯ. ಪತ್ರ ಕೈಗೆ ಬರುವ ಹೊತ್ತಿಗೆ ಅವನು ತೀರಿಕೊಂಡು ಎಂಟು ತಿಂಗಳಾಗಿತ್ತು. ಆ ನೆಲದ ಆಚೆ ಊರಿನ ದೊಡ್ಡ ಹಿಡುವಳಿದಾರರಾದ ರಂಗಸ್ವಾಮಿಯವರ ತೋಟ. ರಸ್ತೆ ಸುತ್ತಿಕೊಂಡು ಹೋಗಲು ಬೇಸರಪಟ್ಟು ಅವರ ಆಳುಗಳು ಗಾಡಿ, ದನ ಎಲ್ಲವನ್ನೂ ಮಾದಮ್ಮನ ರಾಗಿಯ ನಡುವೆಯೇ ಹೊಡೆಯುತ್ತಿದ್ದರು. ಎರಡು ವರ್ಷ ಅರ್ಧ ಪೈರು ತುಳಿತಕ್ಕೇ ಹೋಯಿತು.

ಒಂದು ಬೆಳಿಗ್ಗೆ ಮೈದುನ ಮಂಚಯ್ಯ ಹೇಳದೆ ಕೇಳದೆ ಗಾಡಿಜಾಡಿನಲ್ಲಿ ಸೊಂಟದಾಳದ ಗುಂಡಿ ತೋಡಿ, ತಳದಲ್ಲಿ ಚೂಪಾದ ಬಿದಿರುಗೂಟ ನೆಟ್ಟು, ಮೇಲೆ ಸೊಪ್ಪು ಹರಡಿದ. ಬುತ್ತಿ ತಂದ ಮಾದಮ್ಮ ನೋಡಿದಳು. ಗುದ್ದಲಿ ಎತ್ತಿಕೊಂಡು ಗೂಟ ಕಿತ್ತು, ಮಣ್ಣು ಎಳೆಯತೊಡಗಿದಳು.

"ಯಾಕತ್ಗೆ ಮುಚ್ತೀಯಾ? ಒಬ್ಬ ಬೀಳ್ಲಿ ಬುಡು, ಆಮ್ಯಾಕೆ ಯಾರೂ ಈ ಕಡೆ ಬರಾಕಿಲ್ಲ!"

"ಬೀಳೋನು ಗಾಡಿ ಹೊಡಿಯೋ ಬೋರಪ್ಪ ಕಣ್ಲಾ, ರಂಗಸ್ವಾಮಪ್ಪೋರಲ್ಲ. ಅವ್ನ ಕಾಲು ಮುರುದ್ರೆ ನಿನ್ನ ಜೈಲಿಗಾಕ್ತಾರೆ. ಭೂಮಿನೂ ಓಯ್ತದೆ."

ಮಂಚಯ್ಯ ಟವೆಲ್ ಕೊಡವಿ ಹೊರಟುಹೋದ. ಆಮೇಲೆ ಅವಳ ಹೊಸಿಲು ತುಳಿಯಲಿಲ್ಲ.

ಮಾದಮ್ಮ ಹೊಳೆನರಸೀಪುರದ ತಾಲ್ಲೂಕು ಕಚೇರಿಗೆ ಏಳು ಸಲ ಅಲೆದಳು. ಕೊನೆಗೆ ಸರ್ವೆಯವರು ಬಂದು, ಊರವರ ಮುಂದೆ ಸರಪಳಿ ಎಳೆದು, ನಾಲ್ಕು ಮೂಲೆಗೂ ಗಡಿಯ ಬಾಂದುಕಲ್ಲು ನೆಟ್ಟರು. ರಂಗಸ್ವಾಮಿಯವರೂ ಮಹಜರಿಗೆ ರುಜು ಹಾಕಿದರು. ಕಲ್ಲಿನಿಂದ ಕಲ್ಲಿಗೆ ಅವಳೇ ಕತ್ತಾಳೆ ನೆಟ್ಟಳು.

ಬೇಲಿ ಮೊಣಕಾಲೆತ್ತರ ಬರುವ ಮೊದಲೇ ರಂಗಸ್ವಾಮಿಯವರ ಜೋಡೆತ್ತು ಮತ್ತೆ ಪೈರಿಗೆ ನುಗ್ಗಿದವು. ಅವಳು ಹೊಡೆಯಲಿಲ್ಲ, ಬೈಯಲಿಲ್ಲ. ಮೂಗುದಾರ ಹಿಡಿದು ಊರ ನಡುವೆಯೇ ನಡೆಸಿಕೊಂಡು ಹೋಗಿ, ಬೆಳೆ ಮೇದ ದನ ಕೂಡುವ ಸರ್ಕಾರದ ದೊಡ್ಡಿಗೆ ಕೂಡಿ, ಚೀಟಿ ಬರೆಸಿಕೊಂಡಳು. ದಾರಿಯುದ್ದಕ್ಕೂ ಜಗಲಿಗಳ ಮೇಲಿದ್ದವರು ಎದ್ದು ನಿಂತು ನೋಡಿದರು.

ಸಂಜೆ ರಂಗಸ್ವಾಮಿಯವರು ಬದುವಿನ ಮೇಲೆ ಬಂದು ನಿಂತರು.

"ನನ್ನೆತ್ನೇ ದೊಡ್ಡಿಗೆ ಕೂಡಿದ್ಯಾ ಮಾದಿ?"

"ಎತ್ತಿಗೆ ಕಲ್ಲು ಗೊತ್ತಾಗಾಕಿಲ್ಲ ಬುದ್ಧಿ. ರುಜು ಆಕಿದೋರು ನೀವು, ನಿಮ್ಗೆ ಗೊತ್ತು."

ಅವರು ಕತ್ತಾಳೆಯ ಸಾಲನ್ನು ನೋಡಿ, ತಿರುಗಿ ನಡೆದರು. ಮರುದಿನದಿಂದ ಗಾಡಿಗಳು ರಸ್ತೆ ಹಿಡಿದವು. ಆದರೆ ರಂಗಸ್ವಾಮಿಯವರಿಗೆ ಅಂಜಿ ಊರಿನ ಯಾರೂ ಮಾದಮ್ಮನನ್ನು ಗದ್ದೆಯ ನಾಟಿಗೆ ಕರೆಯಲಿಲ್ಲ. ಎರಡು ವರ್ಷ ಅವಳು ಪರವೂರಿಗೆ ಕೂಲಿಗೆ ನಡೆದಳು.

ಮೂರನೆಯ ಸುಗ್ಗಿಯಲ್ಲಿ ಹೊಲ ಪೂರ್ತಿ ಕೊಯ್ಲಿಗೆ ಬಂತು. ಮೊದಲ ಮೂಟೆಯನ್ನು ಮಾದಮ್ಮ ಹೊತ್ತುಕೊಂಡು ಹೋಗಿ ಮಂಚಯ್ಯನ ಪಡಸಾಲೆಯಲ್ಲಿ ಇಳಿಸಿದಳು. ಅವನು ಎದ್ದು ಬಂದು, ಮುಖ ನೋಡದೆಯೇ, ಮೂಟೆಯ ಇನ್ನೊಂದು ತುದಿ ಹಿಡಿದು ಒಳಗೆ ಸರಿಸಿದ.

"ಕುಂತ್ಕೊ ಅತ್ಗೆ, ನೀರು ಕುಡಿ," ಅಂದ.