ಇಕ್ಬಾಲ್ ಬೇಗಂ ಹಿಡಿದು ತಂದ ರಾಣಿ ಇರುವೆಗಳು

ಸೇಡಂ ರಸ್ತೆಯ ಒಂದು ರಕ್ತಪರೀಕ್ಷೆ ಲ್ಯಾಬಿನಲ್ಲಿ ಇಕ್ಬಾಲ್ ಬೇಗಂ ಹದಿನೆಂಟು ವರ್ಷದಿಂದ ಗಾಜಿನ ನಳಿಕೆ ತೊಳೆಯುವವರು. ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಯಲ್ಲೇ ಇದ್ದಾರೆ. ಮೊಬೈಲಿನಲ್ಲಿ ಯಾರದೋ ವಿಡಿಯೋ ನೋಡಿ ಹತ್ತಿದ ಗೀಳು ಅವರದು: ಮೊದಲ ಮಳೆ ಬಿದ್ದ ಮರುದಿನ ಕಮಲಾಪುರದ ಬಸ್ಸು ಹತ್ತಿ, ಅಕ್ಕ ಶಾಹಜಾದಿಯ ಮನೆ ಹಿಂದಿನ ಕೆಂಪು ನೆಲದಲ್ಲಿ, ರೆಕ್ಕೆ ಕಳಚಿ ಬಿಲ ಹುಡುಕುತ್ತ ತಿರುಗುವ ರಾಣಿ ಇರುವೆಗಳನ್ನು ಹಿಡಿದು ತರುವುದು. ಲ್ಯಾಬಿಗೆ ಬೇಡವಾದ ನಳಿಕೆಯ ತಳಕ್ಕೆ ನೀರು, ಅದಕ್ಕೆ ಅರಳೆಯ ತಡೆ, ತಡೆಯ ಈಚೆ ಬದಿಗೆ ರಾಣಿ, ಬಾಯಿಗೆ ಮತ್ತೆ ಅರಳೆ. ಕತ್ತಲಲ್ಲಿಟ್ಟರೆ ತಿಂಗಳೊಪ್ಪತ್ತು ಏನೂ ತಿನ್ನದೆ ಮೊಟ್ಟೆಯಿಟ್ಟು ಮರಿ ಮಾಡುತ್ತದೆ.

ಈ ವರ್ಷ ಹನ್ನೊಂದು ರಾಣಿಗಳು, ನಳಿಕೆಗೊಂದರಂತೆ, ಅವರ ಟ್ರಂಕಿನ ಕತ್ತಲಲ್ಲಿದ್ದವು. ಒಂಬತ್ತನೇ ದಿನ ನೋಡಿದರೆ ನಾಲ್ಕು ನಳಿಕೆಗಳಲ್ಲಿ ಹಿಂದಿನ ದಿನ ಕಂಡಿದ್ದ ಮೊಟ್ಟೆಗಳೇ ಇಲ್ಲ.

"ಆಸ್ಮಾ, ನನ್ನ ಟ್ರಂಕು ತೆಗದಿದ್ದೇನು?" ಎಂದು ತಮ್ಮನ ಹೆಂಡತಿಯನ್ನು ಕೇಳಿದರು.

"ನಾ ಯಾಕ ತೆಗೀಲಿ ಆಪಾ? ಆ ಹುಳಾ ಕಂಡ್ರ ನನಗ ಮೈ ಜುಮ್ಮಂತದ."

ಇಕ್ಬಾಲ್ ಬೇಗಂಗೆ ಅನುಮಾನ ಬರಲು ಆ ಮಾತೇ ಸಾಕಾಯಿತು. ಅಡುಗೆಮನೆಯ ಮೂಲೆಮೂಲೆಗೆ ಇರುವೆ ಪುಡಿ ಉದುರಿಸುವವಳು ಇವಳೇ ಅಲ್ಲವೆ? ಟ್ರಂಕಿಗೆ ಬೀಗ ಹಾಕಿದರು. ಮುಚ್ಚಳಕ್ಕೆ ಕಾಣದಂತೆ ಒಂದು ದಾರ ಅಂಟಿಸಿದರು. ಡ್ಯೂಟಿಗೆ ಹೋಗುವ ಮೊದಲು, ಬಂದ ಮೇಲೆ, ಊಟವಾದ ಮೇಲೆ ಒಂದೊಂದೇ ನಳಿಕೆ ಎತ್ತಿ ಬ್ಯಾಟರಿ ಬೆಳಕು ಹಿಡಿದು ಎಣಿಸಿ, ಮತ್ತೆ ದಾರ ಅಂಟಿಸಿದರು. ಅವರಿಲ್ಲದಾಗ ದಾರ ಹರಿಯಲಿಲ್ಲ, ಮೊಟ್ಟೆಗಳು ಮಾತ್ರ ಕಡಿಮೆಯಾಗುತ್ತಲೇ ಹೋದವು. ಹಾಗಾದರೆ ಅವಳ ಹತ್ತಿರ ಇನ್ನೊಂದು ಚಾವಿ ಇರಬೇಕು, ದಾರವನ್ನೂ ಮೊದಲಿನಂತೆ ಅಂಟಿಸುತ್ತಿರಬೇಕು.

ಶುಕ್ರವಾರ ಆಸ್ಮಾ ಬಟ್ಟೆ ಒಣಹಾಕಲು ಮಾಳಿಗೆಗೆ ಹೋದಾಗ ಅವಳ ಕೋಣೆಗೆ ಹೋಗಿ ಕಪಾಟು ತೆಗೆದರು. ಸೀರೆಗಳ ನಡುವೆ ಕೈಯಾಡಿಸುತ್ತಿರುವಾಗಲೇ ಬಾಗಿಲಲ್ಲಿ ದನಿ ಕೇಳಿತು.

"ಏನ ಹುಡುಕಾಕತ್ತೀರಿ?"

"ಚಾವಿ."

ಆಸ್ಮಾ ಖಾಲಿ ಬುಟ್ಟಿ ಕೆಳಗಿಟ್ಟಳು. "ದಿನಾ ಮೂರ ಸಲ ಆ ನಳಿಕಿ ಎತ್ತಿ, ಅಲುಗಾಡ್ಸಿ, ಬ್ಯಾಟರಿ ಬಿಡವ್ರು ನೀವು. ಬಾಣಂತಿ ಕ್ವಾಣ್ಯಾಗ ಯಾರರ ಹಂಗ ಮಾಡ್ತಾರೇನ್ರಿ?"

ಇಕ್ಬಾಲ್ ಬೇಗಂ ಕಪಾಟು ಮುಚ್ಚಿ, ಸೊಂಟದಿಂದ ಟ್ರಂಕಿನ ಚಾವಿ ತೆಗೆದರು. ಹೆದರಿದ ರಾಣಿ ತನ್ನ ಮೊಟ್ಟೆಯನ್ನು ತಾನೇ ತಿನ್ನುತ್ತದೆಂದು ಅವರಿಗೆ ಗೊತ್ತಿತ್ತು. ಎಲ್ಲರಿಗಿಂತ ಮೊದಲೇ ಗೊತ್ತಿತ್ತು.

"ತಪ್ಪಾತವ್ವಾ. ಈ ಚಾವಿ ನೀನೇ ಇಟ್ಕೋ."

"ಬ್ಯಾಡ್ರಿ. ನಾಳಿ ಏನರ ಆದ್ರ ಮತ್ತ ನನ್ನ ಮ್ಯಾಲೇ ಬರತದ."

ಕೊನೆಗೆ ಟ್ರಂಕು ಕಮಲಾಪುರಕ್ಕೆ, ಅಕ್ಕನ ಮನೆಗೆ ಹೋಯಿತು. ಆರು ವಾರ ಇಕ್ಬಾಲ್ ಬೇಗಂ ಅತ್ತ ತಲೆಹಾಕಲಿಲ್ಲ. ಹೋಗಿ ತೆಗೆದಾಗ ಐದು ನಳಿಕೆಗಳಲ್ಲಿ ರಾಣಿಯ ಸುತ್ತ ಪುಟ್ಟ ಮರಿಗಳು ಓಡಾಡುತ್ತಿದ್ದವು. ಸುದ್ದಿ ಹೇಳಿದಾಗ ಆಸ್ಮಾ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ "ಛಲೋ ಆತು" ಎಂದಳು. ಇಕ್ಬಾಲ್ ಬೇಗಂ ಮನೆಯಲ್ಲಿದ್ದರೆ ಈಗಲೂ ಅವಳು ತನ್ನ ಕೋಣೆ ಬಿಟ್ಟು ಬಹಳ ಹೊತ್ತು ಹೊರಗಿರುವುದಿಲ್ಲ.