ವಿಭೂತಿ ಹಚ್ಚಿದ ಮೀನು

ಗೋಕಾಕದ ಹೊಸ ಹೋಟೆಲ್ಲಿನಲ್ಲಿ ಗಲ್ಲಾದ ಪಕ್ಕ ಒಂದು ಗಾಜಿನ ಪೆಟ್ಟಿಗೆ ಇಟ್ಟಿದ್ದಾರೆ. ಮೊನ್ನೆ ಚಹಾಕ್ಕೆಂದು ಕುಳಿತಾಗ ಪಾಚಿಗಟ್ಟಿದ ನೀರಿನ ವಾಸನೆ ಮೂಗಿಗೆ ಬಡಿಯಿತು. ಒಳಗೆ ದೀಪದ ಕೆಳಗೆ, ಕಿರುಬೆರಳಿನಷ್ಟೂ ಇಲ್ಲದ ಮೀನುಗಳು ನೀರಿನ ಮೇಲ್ಪದರಕ್ಕೇ ಅಂಟಿಕೊಂಡು ನಿಂತಿದ್ದವು. ಪ್ರತಿಯೊಂದರ ನೆತ್ತಿಯ ಮೇಲೂ ಬೆಳ್ಳಿಯ ಚುಕ್ಕೆ.

"ಮುಂಬೈದಿಂದ ತರಿಸೀನ್ರಿ," ಅಂದರು ಮಾಲಕರು, ಎದೆ ಉಬ್ಬಿಸಿ. ನಮ್ಮ ಹಳ್ಳದಲ್ಲಿ ಪಂಜೆ ಒಡ್ಡಿದರೆ ಸಿಗುತ್ತಿದ್ದ ಮೀನು! ನಗಬೇಕೆಂದಿದ್ದೆ. ಚಹಾ ಆರಿಹೋಯಿತು...

ಕೊಣ್ಣೂರಿನ ನಮ್ಮ ಬಾಜೂ ಮನೆಯಾಕೆ, ನಾವು ಕಾಕು ಎಂದು ಕರೆಯುತ್ತಿದ್ದವಳು, ನೆನಪಾದಳು.

ಆಗ ನಾನು ಹೈಸ್ಕೂಲಿನ ಪಾಠಕ್ಕಿಂತ ಮಾಸ್ತರರ ದನಿ ಅಣಕಿಸಿ ತೆಗೆಯುವುದರಲ್ಲೇ ಹೆಚ್ಚು ಪಾಸಾದವನು. ಬಸ್ಸಿನ ಕಂಡಕ್ಟರ್, ಮಠದ ಅಯ್ಯನವರು, ಸ್ವಂತ ಅಪ್ಪ, ಯಾರನ್ನೂ ಬಿಟ್ಟಿರಲಿಲ್ಲ. ದನಿ ಒಡೆಯುವ ವಯಸ್ಸು. ನನ್ನ ದನಿಯನ್ನು ಮಾತ್ರ ಸರಿಯಾಗಿ ತೆಗೆಯಲು ಬರುತ್ತಿರಲಿಲ್ಲ. ಕಾಕುವಿನದು ಎಲ್ಲಕ್ಕಿಂತ ಸುಲಭ: ಉಸಿರು ಬಿಗಿಹಿಡಿದು ಪ್ರತಿ ಮಾತನ್ನೂ ಎರಡೆರಡು ಸಲ ಅಂದರಾಯಿತು. "ಮುಚ್ಚ, ಮುಚ್ಚ! ಕದಾ ಮುಚ್ಚ! ಸೊಳ್ಳಿ ಬರ್ತಾವ!"

ಹೆದರಿಕೆಗೆ ಕಾರಣವಿತ್ತು. ಹಿಂದಿನ ಮಳೆಗಾಲದಲ್ಲಿ ಚಳಿಜ್ವರ ಅವಳ ಮಗನನ್ನು ಒಯ್ದಿತ್ತು. ಈಗ ತೊಟ್ಟಿಲಲ್ಲಿ ಮಗಳಿದ್ದಳು. ಆ ಮಗುವಿನ ಹಣೆಯನ್ನು ಕಾಕು ಎಷ್ಟು ಮುಟ್ಟಿ ನೋಡುತ್ತಿದ್ದಳೆಂದರೆ, ನೋಡುವ ನಮಗೇ ಮೈ ಬಿಸಿಯಾಗುತ್ತಿತ್ತು.

ಒಂದು ದಿನ ಜ್ವರದ ಇಲಾಖೆಯ ಸಾಹೇಬರು ಬಂದು, ಅವಳ ಹಿತ್ತಲಲ್ಲಿ ನೀರು ತುಂಬಿಡುವ ಕಲ್ಲಿನ ದೋಣಿಗೆ ಬ್ಯಾಟರಿ ಬಿಟ್ಟು ನೋಡಿದರು. ಸೊಳ್ಳೆಮರಿಗಳು ಕುಣಿಯುತ್ತಿದ್ದವು.

"ನೀರ ಚೆಲ್ರಿ. ಇಲ್ಲಾಂದ್ರ ಮೀನ ಬಿಡ್ರಿ, ಮರಿ ತಿಂತಾವ," ಅಂದು ಹೋದರು.

ಹೊಳೆಯಿಂದ ಹೊತ್ತು ತಂದ ನೀರನ್ನು ದಿನಾ ಚೆಲ್ಲುವುದು ಹೇಗೆ? ಇನ್ನು ಮೀನು, ಲಿಂಗ ಕಟ್ಟಿದ ಮನೆಗೆ ಬರುವ ಮಾತೇ ಇಲ್ಲ.

ನಾನು ಹಳ್ಳಕ್ಕಿಳಿದು ಮೀನು ಹಿಡಿದು, ಪೆಪ್ಪರಮಿಂಟಿನ ಭರಣಿಯಲ್ಲಿ ತಂದೆ. ಗೋಡೆಯ ಮರೆಯಿಂದ ಅಯ್ಯನವರ ದನಿ ತೆಗೆದೆ: "ಮೀನ ಬಿಡವ್ವಾ ತಾಯಿ, ಶಿವನ ಅಪ್ಪಣಿ ಐತಿ..."

"ಏ ಮಂಗ್ಯಾ, ಅಯ್ಯಾರು ಹಿಂಗ ಮೂಗಿನ್ಯಾಗ ಮಾತಾಡ್ತಾರ? ಬಾ ಈಚೆ, ಬಾ ಈಚೆ!"

ಬೈಯಲು ಬಂದವಳು ಭರಣಿಯ ಮೇಲೆ ಬಗ್ಗಿದಳು. ಚುಕ್ಕೆ ಕಂಡಿತು.

"ಅಯ್ಯ ಶಿವನ! ಇದಕ್ಕ ಈಬತ್ತಿ ಯಾರ ಹಚ್ಚ್ಯಾರೋ?"

"ಹುಟ್ಟತ್ಲೇ ಹಚ್ಚಗೊಂಡ ಬಂದೈತಿ ಕಾಕು. ನನಗಿಂತ ಛಲೋ ಸಂಸ್ಕಾರ."

"ನಿನಗಿಂತ ನಮ್ಮ ಎಮ್ಮೀನೂ ಛಲೋನ. ಬಿಡು, ಬಿಡು. ಕುಡಿಯೂ ನೀರ ಬ್ಯಾರೆ ಕೊಡದಾಗ ಇಡ್ತೀನಿ."

ಸೊಳ್ಳೆಮರಿಗಳು ಕಾಣೆಯಾದವು. ಕಾಕುವಿನ ಚಿಂತೆ ಮಾತ್ರ ಮಗುವಿನಿಂದ ಮೀನಿಗೂ ಹಬ್ಬಿತು. ಅವು ಜಿಗಿಯುವ ಜಾತಿ; ದೋಣಿ ತುಂಬಿದರೆ ಹೊರಗೆ ಹಾರಿ ಹಿತ್ತಲಲ್ಲೇ ಒಣಗುತ್ತಿದ್ದವು. ಮಳೆ ಹನಿದರೆ ಸಾಕು, ಕಾಕು ಮೊರ ಹಿಡಿದು ಓಡುತ್ತಿದ್ದಳು: "ಮುಚ್ಚ, ಮುಚ್ಚ! ಹಾರ್ತಾವ, ಹಾರ್ತಾವ!" ಬೆದರಿದರೆ ಮೀನಿನ ವಿಭೂತಿ ಮಸುಕಾಗುತ್ತದೆಂದು ಅಲ್ಲಿ ನನಗೆ ಕೆಮ್ಮಲೂ ಬಿಡುತ್ತಿರಲಿಲ್ಲ.

ಆ ಮಳೆಗಾಲ ಪೂರ್ತಿ ಮಗುವಿನ ಹಣೆ ತಣ್ಣಗೇ ಉಳಿಯಿತು.

ಮರುವರ್ಷ ಕಾಕುವಿಗೆ ಘೋಡಗೇರಿಯ ತವರಿನಿಂದ, ತಾಯಿಗೆ ಮೈಯಲ್ಲಿ ಸರಿಯಿಲ್ಲವೆಂದು ಕರೆ ಬಂತು. ಕಾಕು ಮಗುವನ್ನು ನನ್ನವ್ವನ ಉಡಿಯಲ್ಲಿ ಹಾಕಿದಳು. "ಇಲ್ಲೆ ಮೀನ ಅದಾವು. ಇಲ್ಲೇ ಇರಲಿ, ಇಲ್ಲೇ ಇರಲಿ." ನಾನು ಭರಣಿಯಲ್ಲಿ ನಾಲ್ಕು ಮೀನು ತುಂಬಿ ಅವಳ ಕೈಗೂ ಕೊಡಹೋದೆ.

"ತವರ ಮನಿಗೆ ಮೀನ ಒಯ್ದ್ರ ಹೊರಗ ನಿಲ್ಲಸ್ತಾರೋ ಮಂಗ್ಯಾ. ನಾ ದೊಡ್ಡಾಕಿ, ನನಗೇನಾಗ್ತೈತಿ?"

ಅದೊಂದು ಮಾತನ್ನು ಅವಳು ಒಂದೇ ಸಲ ಅಂದಳು.

ಮರಳಿದ್ದು ಚಕ್ಕಡಿಯಲ್ಲಿ, ಕೌದಿ ಹೊದ್ದು, ಹಲ್ಲು ಕಟಕಟಿಸುತ್ತ. ಮಗುವನ್ನು ಹತ್ತಿರ ತರಬೇಡಿರೆಂದು ಕೈಸನ್ನೆ ಮಾಡಿದಳು. ಅವಳ ಗಂಡ, ಕಾಕಾ, ಅದೇ ಚಕ್ಕಡಿಯಲ್ಲಿ ಘಟಪ್ರಭಾದ ದವಾಖಾನೆಗೆ ಒಯ್ದರು... ಅಲ್ಲಿಂದ ಕಾಕಾ ಒಬ್ಬರೇ ಬಂದರು.

ಆ ಮಗಳು ಈಗ ಸಾಲಿಗೆ ಹೋಗುತ್ತಾಳೆ. "ಅಣ್ಣಾ, ನಮ್ಮವ್ವನ ದನಿ ತಗಿ," ಅನ್ನುತ್ತಾಳೆ. ನಾನು ಕಂಡಕ್ಟರನ ದನಿ ತೆಗೆದು ನಗಿಸಿ ಜಾರಿಕೊಳ್ಳುತ್ತೇನೆ.

ಹೋಟೆಲ್ಲಿನ ಮಾಲಕರು ಮೀನಿಗೆ ಕಾಳು ಹಾಕಲೆಂದು ಮುಚ್ಚಳ ತೆಗೆದವರು, ಹಾಗೇ ಬಿಟ್ಟು ಗಿರಾಕಿಯತ್ತ ತಿರುಗಿದರು. ಒಂದು ಮೀನು ಅಂಚಿಗೆ ಬಂದು ನಿಂತಿತು.

"ಮುಚ್ಚ, ಮುಚ್ಚ! ಹಾರ್ತಾವ, ಹಾರ್ತಾವ!"

ಚಹಾ ಕುಡಿಯುತ್ತಿದ್ದವರೆಲ್ಲ ತಿರುಗಿ ನೋಡಿ ನಕ್ಕರು. ಇಷ್ಟು ವರ್ಷಗಳ ಮೇಲೆ ನನ್ನ ಬಾಯಿಂದ ಅವಳ ದನಿ ಒಂದಿಷ್ಟೂ ತಪ್ಪದೆ ಬಂದಿತ್ತು. ಮಂಗ್ಯಾ, ಈಚೆ ಬಾ ಅನ್ನುವವರೇ ಇರಲಿಲ್ಲ. ಮಾಲಕರು ಮುಚ್ಚಳ ಸರಿಯಾಗಿ ಮುಚ್ಚುವವರೆಗೂ ನಾನು ಅಲ್ಲೇ ನಿಂತಿದ್ದೆ.